ಅರ್ಧ ಬೋಳಿಸಿದ ಎದೆ

ಕೂಪರ್ಸ್ ಕೋವಿನಲ್ಲಿ ಹೆಕ್ಟರ್ ಗಿಲಿಸ್ ಎಂಬ ಹೆಸರಿನವರು ಒಂದು ಕಾಲಕ್ಕೆ ಏಳು ಜನ ಇದ್ದರು. ಕೇಪ್ ಬ್ರೆಟನ್ ದ್ವೀಪದ ಊರುಗಳಲ್ಲಿ ಇದೇನೂ ಹೆಚ್ಚಲ್ಲ. ಅಜ್ಜನ ಹೆಸರು ಮೊಮ್ಮಗನಿಗೆ, ಪಾದ್ರಿಯ ಹೆಸರು ಊರಿಗೆಲ್ಲ. ಹೀಗಾಗಿ ಯಾರನ್ನೂ ಅವರ ಸರಿಯಾದ ಹೆಸರಿನಿಂದ ಕರೆಯುವ ಗೋಜಿಗೆ ಯಾರೂ ಹೋಗುವುದಿಲ್ಲ. ಏಳರಲ್ಲಿ ಐವರು ಚರ್ಚಿನ ಹಿಂದಿನ ಮಣ್ಣು ಸೇರಿ ಈಗ ಉಳಿದವರು ಇಬ್ಬರು. ಒಬ್ಬ ಗಂಟೆ ಹೆಕ್ಟರ್, ಮೂವತ್ತು ವರ್ಷ ಚರ್ಚಿನ ಗಂಟೆ ಹೊಡೆದವನು, ಹೊಟ್ಟೆಪಾಡಿಗೆ ಕ್ಷೌರದಂಗಡಿ ಇಟ್ಟುಕೊಂಡಿದ್ದವನು. ಇನ್ನೊಬ್ಬ ಬಿಸ್ಕತ್ ಹೆಕ್ಟರ್. ಇವನು ಆರನೇ ವಯಸ್ಸಿನಲ್ಲಿ, ದೊಡ್ಡಪ್ಪನ ಶವದ ಮುಂದೆ ಊರೆಲ್ಲ ಮೊಣಕಾಲೂರಿ ಜಪ ಮಾಡುತ್ತಿದ್ದಾಗ, ಜೇಬಿನಿಂದ ಬಿಸ್ಕತ್ತು ತೆಗೆದು ಕಟುಂ ಎಂದು ಕಡಿದಿದ್ದ. ಅದಾಗಿ ಐವತ್ತೇಳು ವರ್ಷವಾಯಿತು. ನಡುವೆ ಶಾಲೆಯ ಬಸ್ಸು ಓಡಿಸಿ ಊರಿನ ಎರಡು ತಲೆಮಾರನ್ನು ಕ್ಷೇಮವಾಗಿ ಮನೆ ಮುಟ್ಟಿಸಿದ. ಹೆಸರು ಮಾತ್ರ ಬಿಸ್ಕತ್ತೇ ಉಳಿಯಿತು.

ನಮ್ಮ ಕಥೆ ಈ ಬಿಸ್ಕತ್ತಿನದು.

ನಿವೃತ್ತನಾದ ಮೇಲೆ ಅವನಿಗೆ ಒಂದು ವಿದ್ವತ್ತು ಅಂಟಿಕೊಂಡಿತು, ಆಸ್ಪತ್ರೆ ಸರದಿಯ ವಿದ್ವತ್ತು. ಅವನ ಬಲ ಮಂಡಿ ಹತ್ತೊಂಬತ್ತು ತಿಂಗಳಿಂದ ತಜ್ಞರ ಪಟ್ಟಿಯಲ್ಲಿತ್ತು. ಊರಿನ ಹಳೆಯ ಡಾಕ್ಟರು ಮುಪ್ಪಿನಿಂದ ಮನೆ ಸೇರಿ ಮೂರು ವರ್ಷವಾದರೂ ಆ ಕುರ್ಚಿಗೆ ಇನ್ನೊಬ್ಬರು ಬಂದಿರಲಿಲ್ಲ. ಊರಿನ ಸಣ್ಣಾಸ್ಪತ್ರೆಯ ತುರ್ತು ಬಾಗಿಲಿಗೆ ಒಂದು ಕಾಗದ ಅಂಟಿಸಿದ್ದರು, 'ವೈದ್ಯರಿಲ್ಲದ ಕಾರಣ ಸೋಮವಾರದವರೆಗೆ ಮುಚ್ಚಿದೆ' ಎಂದು. ಸೋಮವಾರ ಬಂದರೆ ಕಾಗದದಲ್ಲಿ ವಾರದ ಹೆಸರು ಬದಲಾಗುತ್ತಿತ್ತು, ಬಾಗಿಲು ಬದಲಾಗುತ್ತಿರಲಿಲ್ಲ. ಇಂಥ ಊರಿನಲ್ಲಿ ಕಾಯುವುದನ್ನು ಬಲ್ಲವನಿಗೆ ಬೆಲೆ ಬಾರದೆ ಇರುತ್ತದೆಯೇ. ಕಣ್ಣಿನ ಪೊರೆಯವರು, ಪಿತ್ತಕೋಶದ ಕಲ್ಲಿನವರು, ಸೊಂಟದವರು, ಎಲ್ಲರೂ ಬಿಸ್ಕತ್ತಿನ ಅಡುಗೆಮನೆಗೆ ಬಂದು ಚಹಾ ಕುಡಿದು ಸಲಹೆ ಪಡೆಯುತ್ತಿದ್ದರು.

ಅವನ ಸಲಹೆ ಯಾವಾಗಲೂ ಒಂದೇ. ಸ್ನಾನಕ್ಕೆ ಹೋದರೂ ಫೋನು ಜೊತೆಗಿರಬೇಕು. ಆಸ್ಪತ್ರೆಯವರು ಏನು ಹೇಳಿದರೂ ಮೊದಲು ಹೂಂ ಅನ್ನಬೇಕು, ಅರ್ಥ ಆಮೇಲೆ ಮಾಡಿಕೊಂಡರಾಯಿತು. ಎಲ್ಲಕ್ಕಿಂತ ಮುಖ್ಯವಾಗಿ, ಅವರ ಕಡತದಲ್ಲಿ ಏನು ತಪ್ಪಿದ್ದರೂ ತಿದ್ದಲು ಹೋಗಬಾರದು. ಪೋಸ್ಟಾಫೀಸಿನ ಫ್ಲೋರಾಳಿಗೆ ಆದದ್ದು ಊರಿಗೇ ಗೊತ್ತಿತ್ತು. ತನ್ನ ವಿಳಾಸದಲ್ಲಿ ಒಂದೇ ಒಂದು ಅಕ್ಷರ ತಪ್ಪಿದೆ ಎಂದು ಆ ಮಹಾತಾಯಿ ವೃತ್ತಿಧರ್ಮಕ್ಕೆ ಕಟ್ಟುಬಿದ್ದು ತಿಳಿಸಿದಳು. ಕಡತ ತಿದ್ದುಪಡಿಗೆ ಹೋಯಿತು. ತಿದ್ದುಪಡಿ ವಿಭಾಗದಲ್ಲಿ ಕೂರಬೇಕಾದ ಮೂವರಲ್ಲಿ ಇದ್ದವರು ಒಬ್ಬರು. ಹನ್ನೊಂದು ತಿಂಗಳ ಮೇಲೆ ಕಡತ ಹೊರಬಂದಾಗ ಅವಳು ಸರದಿಯ ಬಾಲದಲ್ಲಿದ್ದಳು.

ಮಾರ್ಚ್ ತಿಂಗಳ ಒಂದು ಸೋಮವಾರ, ಕೊಲ್ಲಿಯಲ್ಲಿ ಮಂಜುಗಡ್ಡೆ ತೇಲುತ್ತ ದಡಕ್ಕೆ ಒತ್ತಿದ್ದ ಹೊತ್ತಿನಲ್ಲಿ, ಬಿಸ್ಕತ್ತಿನ ಫೋನು ಬಡಿದುಕೊಂಡಿತು. ಪ್ರಾಂತ್ಯದ ರಾಜಧಾನಿಯ ದೊಡ್ಡಾಸ್ಪತ್ರೆಯಿಂದ ಒಬ್ಬ ಹೆಂಗಸು. ಅವಳ ದನಿಯಲ್ಲೇ ಇನ್ನೂ ನಲವತ್ತು ಜನಕ್ಕೆ ಫೋನು ಮಾಡುವುದಿದೆ ಎಂಬ ಅವಸರವಿತ್ತು. ಹೆಕ್ಟರ್ ಗಿಲಿಸ್ ತಾನೇ ಎಂದಳು. ಹೂಂ ಎಂದ. ಕೂಪರ್ಸ್ ಕೋವ್ ತಾನೇ ಎಂದಳು. ಹೂಂ ಎಂದ. ಅರವತ್ತೊಂದನೇ ಇಸವಿ ನವೆಂಬರ್ ಒಂಬತ್ತು ಹುಟ್ಟಿದ ದಿನ ತಾನೇ ಎಂದಳು.

ಬಿಸ್ಕತ್ತು ಹುಟ್ಟಿದ್ದು ಅಕ್ಟೋಬರ್ ಒಂಬತ್ತಕ್ಕೆ.

ಅವನ ಕಣ್ಣ ಮುಂದೆ ಫ್ಲೋರಾ ಬಂದು ನಿಂತಳು, ಹನ್ನೊಂದು ತಿಂಗಳು ಬಂದು ನಿಂತವು. ಒಂದು ತಿಂಗಳು ತಡವಾಗಿ ಹುಟ್ಟಿದರೆ ಯಾರ ಗಂಟೇನು ಹೋಗುತ್ತದೆ ಎಂದುಕೊಂಡು ಮೂರನೆಯ ಸಲವೂ ಹೂಂ ಎಂದುಬಿಟ್ಟ.

ಅವಳು ಒಂದೇ ಉಸಿರಿಗೆ ಹೇಳಿಕೊಂಡು ಹೋದಳು, ಇವನು ಬಸ್ಸಿನ ಹಳೆಯ ಲೆಕ್ಕದ ಪುಸ್ತಕದಲ್ಲಿ ಬರೆದುಕೊಂಡ. ಗುರುವಾರ ಬೆಳಿಗ್ಗೆ ಆರೂವರೆಗೆ ಬರಬೇಕು. ಹಿಂದಿನ ಸಂಜೆಯಿಂದ ಏನೂ ತಿನ್ನಬಾರದು. ಹತ್ತು ದಿನ ಇರಬೇಕು. ಜೊತೆಗೆ ಒಬ್ಬರು ಇರಲೇಬೇಕು, ಯಾಕೆಂದರೆ ನರ್ಸುಗಳು ಸಾಲದು. ಎದೆಯ ಕೂದಲನ್ನು ಮನೆಯಲ್ಲೇ ಬೋಳಿಸಿಕೊಂಡು ಬರಬೇಕು, ಯಾಕೆಂದರೆ ಅದನ್ನು ಮಾಡುವವರೂ ಸಾಲದು. ರದ್ದು ಮಾಡಿದರೆ ಜಾಗ ಪಟ್ಟಿಯಲ್ಲಿ ಮುಂದಿರುವವರಿಗೆ ಹೋಗುತ್ತದೆ, ಮತ್ತೆ ಬಾಲಕ್ಕೆ. ಹೂಂ, ಹೂಂ, ಹೂಂ. ಫೋನು ಕಟ್ಟಾಯಿತು.

ಅವನ ಹೆಂಡತಿ ಮೋರಾಗ್ ಒಲೆಯ ಮುಂದಿನಿಂದ ಎಲ್ಲ ಕೇಳಿಸಿಕೊಂಡಿದ್ದಳು. ಪುಸ್ತಕ ಕಿತ್ತುಕೊಂಡು ಓದಿದಳು.

"ಮಂಡಿ ನೋಡೋಕೆ ಎದೆ ಯಾಕೆ ಬೋಳಿಸ್ಬೇಕು?"

ಸರದಿಶಾಸ್ತ್ರದಲ್ಲಿ ಇದಕ್ಕೆ ಉತ್ತರವಿರಲಿಲ್ಲ. ಈಗೆಲ್ಲ ಹಾಗೇ, ಮೇಲಿಂದ ಹೋಗ್ತಾರೆ ಎಂದು ಬಿಸ್ಕತ್ತು ಗಾಂಭೀರ್ಯದಿಂದ ಹೇಳಿದ. ಹೇಳಿದ್ದು ತನ್ನ ಕಿವಿಗೇ ಬಿದ್ದಾಗ ಅಂಗಿಯೊಳಗೆ ಕೈ ಹಾಕಿ ಎದೆ ಮುಟ್ಟಿ ನೋಡಿಕೊಂಡ.

ಹೋದ ವರ್ಷ ಮಂಡಿಯ ಎಕ್ಸ್‌ರೇ ತೆಗೆದ ಹುಡುಗಿ ಯಂತ್ರವನ್ನು ಸ್ವಲ್ಪ ಮೇಲಕ್ಕೇ ಹಿಡಿದಿದ್ದಳು ಎಂದು ಅವನಿಗೆ ಈಗ ನೆನಪಾಯಿತು. ಎದೆಯಲ್ಲಿ ಏನೋ ಕಂಡಿರಬೇಕು. ಹೇಳಲು ಡಾಕ್ಟರಿಲ್ಲ, ಅದಕ್ಕೇ ಯಾರೂ ಹೇಳಿಲ್ಲ. ಆಸ್ಪತ್ರೆಗೆ ತಿರುಗಿ ಫೋನು ಮಾಡೋಣವೆಂದರೆ ಬಂದ ನಂಬರು ಗುಪ್ತ ನಂಬರು. ಆರೋಗ್ಯ ಸಹಾಯವಾಣಿಗೆ ಮಾಡಿದರೆ ನೀವು ನೂರ ನಲವತ್ತಮೂರನೆಯವರು ಎಂದು ಹೇಳಿ ಪಿಟೀಲು ಹಾಕಿದರು. ಎರಡು ಗಂಟೆ ಪಿಟೀಲು ಕೇಳಿದ ಮೇಲೆ ಅವನು ನೂರ ನಲವತ್ತನಾಲ್ಕನೆಯವನಾದ. ಅದು ಹೇಗೆ ಸಾಧ್ಯ ಎಂದು ಶಾಸ್ತ್ರಜ್ಞನಿಗೂ ತಿಳಿಯಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಸುದ್ದಿ ಪೋಸ್ಟಾಫೀಸು ಮುಟ್ಟಿತು. ಪೋಸ್ಟಾಫೀಸು ಮುಟ್ಟಿದ ಮೇಲೆ ಉಳಿದದ್ದೇನು. ಫ್ಲೋರಾ ಲೆಕ್ಕ ಹಾಕಿ ನೋಡಿದಳು. ಹತ್ತೊಂಬತ್ತೇ ತಿಂಗಳಿಗೆ ಕರೆ, ಅದೂ ದೊಡ್ಡಾಸ್ಪತ್ರೆಯಿಂದ, ಅದೂ ಹತ್ತು ದಿನಕ್ಕೆ. ಇಷ್ಟು ಬೇಗ ಕರೆಯುವುದು ಯಾರನ್ನು? ಸಾಯುವವರನ್ನು. ಅವಳು ಈ ಮಾತನ್ನು ಒಂದೊಂದು ಲಕೋಟೆಯ ಜೊತೆ ಒಬ್ಬೊಬ್ಬರಿಗೆ ಕೊಟ್ಟಳು.

ಸಂಜೆ ಹೊತ್ತಿಗೆ ಬಿಸ್ಕತ್ತಿನ ಮನೆಗೆ ತಟ್ಟೆಗಳು ಬರಲಾರಂಭಿಸಿದವು. ಮೀನಿನ ವಡೆ, ಆಲೂಗಡ್ಡೆ, ಓಟ್ಸ್ ರೊಟ್ಟಿ, ಕಾಕಂಬಿಯ ಬ್ರೆಡ್ಡು. ಆ ಊರಿನಲ್ಲಿ ಒಂದೇ ದಿನಕ್ಕೆ ಮೂರಕ್ಕಿಂತ ಹೆಚ್ಚು ತಟ್ಟೆ ಬರುವುದು ಸಾವಿನ ಮನೆಗೆ ಮಾತ್ರ. ಬಿಸ್ಕತ್ತು ಒಂಬತ್ತರವರೆಗೆ ಎಣಿಸಿ ಎಣಿಸುವುದನ್ನು ಬಿಟ್ಟ. ಬಂದವರೆಲ್ಲ ಪಿಸುದನಿಯಲ್ಲಿ ಮಾತಾಡಿದರು, ಹೋಗುವಾಗ ಕೈಯನ್ನು ಎರಡೂ ಕೈಯಿಂದ ಹಿಡಿದರು. ಒಬ್ಬಾತ ಹತ್ತು ವರ್ಷದ ಹಿಂದೆ ಒಯ್ದಿದ್ದ ಏಣಿಯನ್ನು ತಂದು ಸದ್ದಿಲ್ಲದೆ ಗೋಡೆಗೆ ಒರಗಿಸಿ ಹೋದ. ಎಲ್ಲಕ್ಕಿಂತ ಹೆಚ್ಚಾಗಿ ಬಿಸ್ಕತ್ತನ್ನು ಹೆದರಿಸಿದ್ದು ಆ ಏಣಿ. ಅವನು ಊಟ ಬಿಟ್ಟ, ಕುರ್ಚಿಯಲ್ಲಿ ಕೂತು ತನ್ನ ಎದೆಯ ಬಡಿತ ಎಣಿಸತೊಡಗಿದ. ಎಣಿಸಿದಷ್ಟೂ ಅದು ಜೋರಾಯಿತು.

"ಹೋಗೋದೇ ಬೇಡ ಬಿಡು," ಎಂದಳು ಮೋರಾಗ್.

"ಬಾಲಕ್ಕೆ ಹಾಕ್ತಾರೆ ಕಣೇ."

"ಬದುಕಿದ್ರೆ ತಾನೇ ಬಾಲ ತಲೆ ಎಲ್ಲ?"

ಆದರೂ ಅವನಿಗೆ ಇಲ್ಲ ಎನ್ನುವ ಧೈರ್ಯವಿರಲಿಲ್ಲ. ಹೋಗುವ ಧೈರ್ಯವೂ ಇರಲಿಲ್ಲ. ಇವೆರಡರ ನಡುವೆ ಮಂಗಳವಾರ ಬೆಳಗಾಯಿತು.

ಮಂಗಳವಾರ ಎದೆ ಬೋಳಿಸಲು ಬಂದವನು ಗಂಟೆ ಹೆಕ್ಟರ್. ಕರೆದಿರಲಿಲ್ಲ, ತಾನಾಗಿಯೇ ಬಂದ. ನಲವತ್ತು ವರ್ಷ ಊರಿನ ತಲೆ ನೋಡಿಕೊಂಡವನು, ಇಂಥ ಹೊತ್ತಿನಲ್ಲಿ ಗೆಳೆಯನ ಎದೆಯನ್ನು ಬೇರೆಯವರ ಕೈಗೆ ಬಿಡುತ್ತಾನೆಯೇ. ಬಿಸ್ಕತ್ತಿನ ಮನೆಗೆ ಇರುವುದು ಮೂರು ಮೆಟ್ಟಿಲು. ಗಂಟೆ ಹೆಕ್ಟರ್ ಅವುಗಳನ್ನು ಹತ್ತಿ ಬಾಗಿಲಲ್ಲಿ ನಿಂತು ಐದು ನಿಮಿಷ ಉಸಿರು ಹುಡುಕಿಕೊಂಡ.

ಅವನ ಹೃದಯದ ಕವಾಟ ಕೆಟ್ಟಿದ್ದು ಊರಿಗೆಲ್ಲ ಗೊತ್ತಿತ್ತು. ಗಂಟೆಯ ಹಗ್ಗ ಮುಟ್ಟಬಾರದೆಂದು ದೊಡ್ಡಾಸ್ಪತ್ರೆಯ ಡಾಕ್ಟರು ಹೇಳಿದ್ದರು, ಆಘಾತವಾಗುವ ಯಾವ ಸುದ್ದಿಯನ್ನೂ ಕೊಡಬಾರದೆಂದೂ ಹೇಳಿದ್ದರು. ಊರು ಈ ಮಾತನ್ನು ಚಾಚೂ ತಪ್ಪದೆ ನಡೆಸುತ್ತಿತ್ತು. ಚರ್ಚಿನ ಬಿಂಗೋ ಆಟದಲ್ಲಿ ಅವನಿಗೆ ಬಹುಮಾನ ಬಂದರೆ ಆ ದಿನ ಹೇಳುತ್ತಿರಲಿಲ್ಲ. ಮರುದಿನ ಚಹಾ ಕೊಟ್ಟು, ಕೂರಿಸಿ, ಹವಾಮಾನ ಮಾತಾಡಿ, ಆಮೇಲೆ ಕಂತಿನಲ್ಲಿ ಹೇಳುತ್ತಿದ್ದರು.

ಬಿಸ್ಕತ್ತು ಅಂಗಿ ಬಿಚ್ಚಿ ಅಡುಗೆಮನೆಯ ಕುರ್ಚಿಯಲ್ಲಿ ಕೂತ. ಗಂಟೆ ಹೆಕ್ಟರ್ ನೊರೆ ಹಚ್ಚಿ, ಕತ್ತಿ ಮಸೆದು, ಬಲಗಡೆಯಿಂದ ಶುರುಮಾಡಿದ. ಉಸಿರು ಸಿಕ್ಕಾಗ ಕತ್ತಿ ಎಳೆಯುತ್ತಿದ್ದ, ಸಿಗದಿದ್ದಾಗ ನಿಲ್ಲುತ್ತಿದ್ದ.

"ನೀನು ಪುಣ್ಯವಂತ," ಎಂದ. "ನಂಗೂ ಇದನ್ನೇ ಹೇಳಿದ್ರು. ಎದೆ ಬೋಳಿಸ್ಕೊಂಡು ಬಾ, ಹತ್ತು ದಿನ ಇರ್ಬೇಕು, ಜೊತೆಗೊಬ್ರು ಬೇಕು ಅಂತ. ಜುಲೈಯಿಂದ ಕತ್ತಿ ಮಸ್ಕೊಂಡು ಕೂತಿದೀನಿ. ಕರೆ ಬಂದಿಲ್ಲ. ಈಸ್ಟರ್ ಒಳಗೆ ಆಗ್ಲೇಬೇಕು, ಆಮೇಲೆ ಹೇಳೋಕಾಗಲ್ಲ ಅಂದಿದಾರೆ."

ಈಸ್ಟರಿಗೆ ಇನ್ನು ಮೂರು ವಾರವಿತ್ತು.

ಬಿಸ್ಕತ್ತಿನ ತಲೆ ನಿಧಾನದ್ದು, ಆದರೆ ಬಸ್ಸಿನ ಹಾಗೆ ಹೊರಟರೆ ನಿಲ್ದಾಣ ಮುಟ್ಟುತ್ತದೆ. ನಿನ್ನ ಹುಟ್ಟಿದ ದಿನ ಯಾವತ್ತು ಎಂದು ಕೇಳಿದ.

"ಮರ್ತ್ಯೇನೋ? ನಿಂಗಿಂತ ಸರಿಯಾಗಿ ಒಂದು ತಿಂಗಳು ಚಿಕ್ಕೋನು ನಾನು. ಒಬ್ನೇ ಪಾದ್ರಿ ಇಬ್ರಿಗೂ ತನ್ನ ಹೆಸ್ರೇ ಇಟ್ಟ, ಸೋಂಬೇರಿ."

ಬಿಸ್ಕತ್ತು ಕುರ್ಚಿಯಿಂದ ಒಂದು ಗೇಣು ಹಾರಿದ. ಕತ್ತಿ ಸಣ್ಣಗೆ ಗೀರಿ ಒಂದು ಹನಿ ರಕ್ತ ಬಂತು. ಬಲಗಡೆ ಎದೆ ಮಗುವಿನ ಕೆನ್ನೆಯಂತಾಗಿತ್ತು, ಎಡಗಡೆ ಕಾಡು ಹಾಗೇ ಇತ್ತು. ಇಷ್ಟು ಸಾಕು, ಉಳಿದದ್ದು ಅವರೇ ಮಾಡ್ತಾರೆ ಎಂದು ಟವೆಲು ಸುತ್ತಿಕೊಂಡು ಬಚ್ಚಲಿಗೆ ಓಡಿ ಚಿಲಕ ಹಾಕಿಕೊಂಡ. ಗಂಟೆ ಹೆಕ್ಟರ್ ಅರ್ಧ ಮಾಡಿದ ಕೆಲಸವನ್ನು ಹಿಂದೆಂದೂ ಬಿಟ್ಟು ಹೋದವನಲ್ಲ. ಅವತ್ತು ಮಾತ್ರ ಬಚ್ಚಲಿನ ಬಾಗಿಲನ್ನು ಸ್ವಲ್ಪ ಹೊತ್ತು ನೋಡಿ, ಏನೂ ಕೇಳದೆ ಕತ್ತಿ ಒರೆಸಿಕೊಂಡು ಹೊರಟುಹೋದ.

ಬಚ್ಚಲೊಳಗೆ ಬಿಸ್ಕತ್ತಿಗೆ ಮೊದಲ ಅರ್ಧ ನಿಮಿಷ ಆದದ್ದು ಸಂತೋಷ. ತಾನು ಸಾಯುವುದಿಲ್ಲ. ಎದೆಯಲ್ಲಿ ಏನೂ ಇಲ್ಲ. ಏಣಿ ತಂದವನು ಅದನ್ನು ವಾಪಸು ಒಯ್ಯಬಹುದು. ಆಮೇಲೆ ಉಳಿದದ್ದು ತಲೆಗೆ ಬಂತು, ಅವನು ತೊಟ್ಟಿಯ ಅಂಚಿನ ಮೇಲೆ ಕುಸಿದು ಕೂತ. ಗೆಳೆಯನ ಕರೆಯನ್ನು ತಾನು ನುಂಗಿದ್ದ. ಒಂದು ಹೂಂ ಎಂಬ ಮಾತಿನಿಂದ ಒಬ್ಬ ಮನುಷ್ಯನ ಕವಾಟ ನುಂಗಿದ್ದ.

ಮೋರಾಗಳಿಗೆ ಬಾಗಿಲ ಸಂದಿನಿಂದಲೇ ಎಲ್ಲ ಹೇಳಿದ. ಹೋಗಿ ಅವನಿಗೆ ಈಗಲೇ ಹೇಳು ಎಂದಳು. ಹೇಳಿದರೆ ಆಘಾತವಾಗಿ ಅಲ್ಲೇ ಸತ್ತರೆ ಎಂದ. ಆಸ್ಪತ್ರೆಗೆ ಹೇಳು ಎಂದಳು. ನಂಬರಿಲ್ಲ, ಇದ್ದರೂ ರದ್ದಾಗಿ ಜಾಗ ಇನ್ಯಾರಿಗೋ ಹೋಗುತ್ತದೆ, ಇಲ್ಲವೇ ತಿದ್ದುಪಡಿಗೆ ಹೋಗುತ್ತದೆ, ಹನ್ನೊಂದು ತಿಂಗಳು ಎಂದ. ಹೇಳುತ್ತ ಹೇಳುತ್ತ ಅತ್ತ. ಐವತ್ತೇಳು ವರ್ಷದ ನಂತರ ಮತ್ತೊಮ್ಮೆ ಊರೆಲ್ಲ ಜಪ ಮಾಡುವಾಗ ತಾನೊಬ್ಬ ಬಿಸ್ಕತ್ತು ತಿನ್ನುವವನಾದೆ ಎಂದು ಅತ್ತ.

ಮೋರಾಗ್ ಬಸ್ಸಿನ ಪುಸ್ತಕ ತಂದು ಬಾಗಿಲಿನ ಆಚೆ ನಿಂತು ಇನ್ನೊಮ್ಮೆ ಓದಿದಳು.

"ಕಡತ ಯಾರ್ದು?"

"ಅವನ್ದೇ."

"ಹುಟ್ಟಿದ ದಿನ?"

"ಅವನ್ದೇ."

"ಮತ್ತೆ ಎಲ್ಲ ಸರಿಯಾಗೇ ಇದ್ಯಲ್ಲ. ತಪ್ಪಿರೋದು ಮೈ ಒಂದೇ. ಸರಿಯಾದ ಮೈ ಕರ್ಕೊಂಡು ಹೋಗು. ಜೊತೆಗೊಬ್ರು ಬೇಕು ಅಂದಿದಾರಲ್ಲ, ಅವನನ್ನೇ ಕರ್ಕೊಂಡು ಹೋಗು."

ಮದುವೆಯಾಗಿ ಮೂವತ್ತೈದು ವರ್ಷದಲ್ಲಿ ಬಿಸ್ಕತ್ತು ಹೆಂಡತಿಯ ಬುದ್ಧಿಗೆ ಚಿಲಕ ತೆಗೆದದ್ದು ಅದೇ ಮೊದಲು.

ಗಂಟೆ ಹೆಕ್ಟರ್ ಜೊತೆಗೆ ಬರಲು ಒಪ್ಪಿದ. ಯಾಕೆ ಹೆಂಡತಿಯನ್ನು ಕರೆದೊಯ್ಯುವುದಿಲ್ಲ ಎಂದು ಅವನು ಕೇಳಲಿಲ್ಲ. ಊರು ಕೇಳಿತು. ಸಾಯುವ ಹೊತ್ತಿಗೂ ಗಂಡ ಹೆಂಡತಿಗೆ ಮಾತಿಲ್ಲವಂತೆ, ಮೂರು ಮೆಟ್ಟಿಲು ಹತ್ತಲಾರದವನನ್ನು ಆಸರೆಗೆ ಒಯ್ಯುತ್ತಾನಂತೆ ಎಂದು ಫ್ಲೋರಾ ಕಂಡವರಿಗೆಲ್ಲ ಹೇಳಿದಳು. ಬುಧವಾರ ಬೆಳಿಗ್ಗೆ ಕಾರು ಹೊರಟಾಗ ಅರ್ಧ ಊರು ರಸ್ತೆಯ ಪಕ್ಕ ಟೋಪಿ ತೆಗೆದು ನಿಂತಿತ್ತು. ಬಿಸ್ಕತ್ತು ಯಾರ ಮುಖವನ್ನೂ ನೋಡಲಿಲ್ಲ.

ಐದು ಗಂಟೆಯ ದಾರಿ. ದ್ವೀಪ ದಾಟಿಸುವ ಸೇತುರಸ್ತೆಯ ಮೇಲೆ ಗಾಳಿಗೆ ಕಾರು ಪಕ್ಕಕ್ಕೆ ಸರಿಯುತ್ತಿತ್ತು. ಆದರೆ ಬಿಸ್ಕತ್ತಿಗೆ ಗಾಳಿಯ ಚಿಂತೆಯಿರಲಿಲ್ಲ. ಅವನಿಗಿದ್ದ ಭಯ ಒಂದೇ, ಪಕ್ಕದ ಸೀಟಿನವನು ದಾರಿಯಲ್ಲೇ ಹೋಗಿಬಿಟ್ಟರೆ. ಗಂಟೆ ಹೆಕ್ಟರ್ ಜಪಸರ ಹಿಡಿದು ತುಟಿ ಅಲ್ಲಾಡಿಸುತ್ತಿದ್ದ. ತುಟಿ ನಿಂತ ಕೂಡಲೆ ಬಿಸ್ಕತ್ತು ಬ್ರೇಕು ಒತ್ತಿ ಕಾರನ್ನು ಅಂಚಿಗೆ ತಂದು ಅವನ ಭುಜ ಅಲ್ಲಾಡಿಸುತ್ತಿದ್ದ.

"ನಿದ್ದೆ ಮಾಡ್ತಿದ್ದೆ ಕಣಯ್ಯ."

"ಮಾಡ್ಬೇಡ. ಮಾತಾಡ್ತಾ ಇರು."

ಹೀಗೆ ಐದು ಗಂಟೆಯ ದಾರಿ ಎಂಟು ಗಂಟೆಯಾಯಿತು. ಹಿಂದೆ ಬರುತ್ತಿದ್ದ ಲಾರಿಯವರು ಬೈದ ಬೈಗುಳವನ್ನೆಲ್ಲ ಇಲ್ಲಿ ಬರೆಯುವ ಹಾಗಿಲ್ಲ.

ಆಸ್ಪತ್ರೆಯ ಹತ್ತಿರದ ಛತ್ರದಲ್ಲಿ ಇಳಿದುಕೊಂಡರು. ಈಗ ಗಂಟೆ ಹೆಕ್ಟರನನ್ನು ಕಾರಣ ಹೇಳದೆ ಉಪವಾಸ ಕೂರಿಸಬೇಕು. ಈಸ್ಟರಿಗೆ ಮುಂಚಿನ ತಪಸ್ಸಿನ ಕಾಲವಲ್ಲವೇ, ಇಬ್ಬರೂ ಒಟ್ಟಿಗೆ ಉಪವಾಸ ಮಾಡೋಣ, ದೇವರು ಮೆಚ್ಚುತ್ತಾನೆ ಎಂದು ಬಿಸ್ಕತ್ತು ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ್ದನ್ನು ಒಪ್ಪಿಸಿದ. ಬಿಸ್ಕತ್ತಿಗೆ ದೇವರ ಮೇಲೆ ಇಷ್ಟು ಪ್ರೀತಿ ಯಾವಾಗ ಬಂತು ಎಂದು ಯಾರಾದರೂ ಕೇಳುವ ಮಾತು. ಗಂಟೆ ಹೆಕ್ಟರ್ ಆಗಲಿ ಎಂದಷ್ಟೇ ಹೇಳಿ, ಬೂಟು ಬಿಚ್ಚಿ ಗೋಡೆಯ ಕಡೆ ತಿರುಗಿ ಮಲಗಿದ. ಬಿಸ್ಕತ್ತು ನಾಳೆ ಏನು ಹೇಳಬೇಕೆಂಬ ಭಯದಲ್ಲಿ ಹಸಿವನ್ನೂ ಮರೆತು ಕೂತ.

ಬೆಳಿಗ್ಗೆ ಆರೂವರೆಗೆ ದೊಡ್ಡಾಸ್ಪತ್ರೆಯ ಕೌಂಟರಿಗೆ ಮೂರು ಕಿಟಕಿಯಿತ್ತು, ಒಬ್ಬಳೇ ಗುಮಾಸ್ತೆ. ಅವಳು ಚಕ್ರದ ಕುರ್ಚಿಯಲ್ಲಿ ಕೂತು ಒಂದು ಕಿಟಕಿಯಿಂದ ಇನ್ನೊಂದಕ್ಕೆ ಜಾರುತ್ತಿದ್ದಳು. ಇವರ ಕಿಟಕಿಗೆ ಜಾರಿ ಬಂದಾಗ ತಲೆಯೆತ್ತದೆ ಹೆಕ್ಟರ್ ಗಿಲಿಸ್ ಯಾರು ಎಂದಳು.

"ನಾನು," ಎಂದರು ಇಬ್ಬರೂ.

ಅವಳು ತಲೆಯೆತ್ತಿದಳು. ಬೆಳಿಗ್ಗೆ ಆರೂವರೆಗೆ ತಮಾಷೆ ಸಹಿಸುವಷ್ಟು ಸಿಬ್ಬಂದಿ ಆಸ್ಪತ್ರೆಯಲ್ಲಿಲ್ಲ ಎಂಬುದು ಅವಳ ಮುಖದಲ್ಲೇ ಇತ್ತು. ಹುಟ್ಟಿದ ದಿನ ಹೇಳಿ ಎಂದಳು.

ಬಿಸ್ಕತ್ತು ಗಂಟೆ ಹೆಕ್ಟರನ ಮುಖ ನೋಡಿದ. ಹುಟ್ಟಿದ ದಿನ ಕೇಳಿದರೆ ಯಾವ ಮನುಷ್ಯನೂ ಯೋಚಿಸದೆ ಹೇಳುತ್ತಾನೆ ಎಂಬುದರ ಮೇಲೆ ಅವನ ಯೋಜನೆಯೆಲ್ಲ ನಿಂತಿತ್ತು. ಗಂಟೆ ಹೆಕ್ಟರ್ ಹೇಳಲಿಲ್ಲ. ನೆಲ ನೋಡುತ್ತ, ಜಪಸರ ಸುತ್ತಿದ ಮುಷ್ಟಿಯನ್ನು ಜೇಬಿನಲ್ಲಿಟ್ಟುಕೊಂಡು ಸುಮ್ಮನೆ ನಿಂತುಬಿಟ್ಟ. ಹೇಳದಿದ್ದರೆ ಮುಂದಿನವರನ್ನು ಕರೆಯುತ್ತೇನೆ ಎಂದಳು ಗುಮಾಸ್ತೆ, ಕುರ್ಚಿಯ ಚಕ್ರ ಆಗಲೇ ತಿರುಗಿತ್ತು.

ಈಗ ಹೇಳಿದರೆ ಆಘಾತ, ಹೇಳದಿದ್ದರೆ ಈಸ್ಟರ್.

"ನವೆಂಬರ್ ಒಂಬತ್ತು," ಎಂದ. "ಆದ್ರೆ ಅದು ನನ್ದಲ್ಲ ತಾಯಿ. ಇವನ್ದು. ನಾನು ಸುಳ್ಳು ಹೇಳ್ಬಿಟ್ಟೆ. ಹೃದಯ ಕೆಟ್ಟಿರೋದು ಇವನ್ದು, ನನ್ದು ಮಂಡಿ."

ಹೇಳಿ, ಗಂಟೆ ಹೆಕ್ಟರ್ ಬಿದ್ದರೆ ಹಿಡಿಯಲು ಎರಡೂ ಕೈ ಚಾಚಿ ನಿಂತ. ಗಂಟೆ ಹೆಕ್ಟರ್ ಬೀಳಲಿಲ್ಲ. ಒಂದು ದೀರ್ಘ ಉಸಿರು ಬಿಟ್ಟು, ಇವನು ಹೇಳೋದು ನಿಜ ಎಂದು ಮೆಲ್ಲಗೆ ಹೇಳಿ ಮುಷ್ಟಿಯನ್ನು ಜೇಬಿನಿಂದ ತೆಗೆದು ಮಣಿಕಟ್ಟು ಚಾಚಿದ. ಗುಮಾಸ್ತೆ ಅವನ ಆರೋಗ್ಯ ಕಾರ್ಡನ್ನು ಎರಡು ಸಲ ನೋಡಿ ಮಣಿಕಟ್ಟಿಗೆ ಹೆಸರಿನ ಪಟ್ಟಿ ಕಟ್ಟಿದಳು. ಊರಲ್ಲಿ ಆ ಹೆಸರಿನವರು ಇಬ್ಬರಿದ್ದಾರೆ, ಕಡತಕ್ಕೆ ಫೋನು ನಂಬರು ಹತ್ತಿಸಿದವರು ಪಟ್ಟಿಯಲ್ಲಿ ಮೇಲಿದ್ದವನ ನಂಬರನ್ನು ಹತ್ತಿಸಿರಬೇಕು, ದಾಖಲೆ ವಿಭಾಗದಲ್ಲಿ ಮೂರು ಜನರ ಕೆಲಸ ಒಬ್ಬರು ಮಾಡುತ್ತಿದ್ದಾರೆ ಎಂದಳು. ಜೊತೆಗೆ ಬಂದವರ ಹೆಸರು ಕೇಳಿದಳು. ಹೆಕ್ಟರ್ ಗಿಲಿಸ್ ಎಂದ ಬಿಸ್ಕತ್ತು. ಅವಳು ಬರೆಯುವ ಮೊದಲು ಕಣ್ಣು ಮುಚ್ಚಿ ಹತ್ತರವರೆಗೆ ಎಣಿಸಿದಳು.

ಒಳಗಿನ ಕೋಣೆಯಲ್ಲಿ ಹೊಸ ಕಷ್ಟ ಕಾದಿತ್ತು. ಗಂಟೆ ಹೆಕ್ಟರನ ಅಂಗಿ ಬಿಚ್ಚಿದ ನರ್ಸು ತಲೆಯ ಮೇಲೆ ಕೈ ಹೊತ್ತಳು. ಸರಿಯಾದ ಎದೆಯೇ ಬಂದಿತ್ತು, ಬೋಳಿಸದೆ ಬಂದಿತ್ತು. ಅದನ್ನು ಮಾಡುವವನ ಜಾಗ ಜನವರಿಯಿಂದ ಖಾಲಿ. ತಾನೇ ಮಾಡೋಣವೆಂದರೆ ಅವಳಿಗೆ ಇನ್ನೂ ಮೂರು ಕೋಣೆ. ಏಳೂಕಾಲಿಗೆ ಸಿದ್ಧವಿಲ್ಲದಿದ್ದರೆ ಶಸ್ತ್ರವೈದ್ಯರು ಮುಂದಿನವರನ್ನು ತೆಗೆದುಕೊಳ್ಳುತ್ತಾರೆ ಎಂದು ಹೇಳಿ, ಕೂದಲು ಕತ್ತರಿಸುವ ಸಣ್ಣ ಯಂತ್ರವನ್ನು ಬಿಸ್ಕತ್ತಿನ ಕೈಗೆ ಕೊಟ್ಟು ಓಡಿದಳು.

ಬಿಸ್ಕತ್ತು ಯಂತ್ರ ಚಾಲೂ ಮಾಡಿ ಬಲಗಡೆಯಿಂದ ಶುರುಮಾಡಿದ. ಗಂಟೆ ಹೆಕ್ಟರ್ ಮಲಗಿದಲ್ಲಿಂದ ತನ್ನ ಎದೆಯನ್ನು ತಾನೇ ನೋಡಲು ಕುತ್ತಿಗೆ ಉದ್ದ ಮಾಡಿದ.

"ಕೂದ್ಲು ಹೋದ ದಿಕ್ಕಿಗೆ ಎಳಿ. ಹುಲ್ಲು ಹೊಡೀತಿದ್ಯೇನೋ?"

"ಮಾತಾಡ್ಬೇಡ, ಹೃದಯಕ್ಕೆ ಒಳ್ಳೇದಲ್ಲ," ಎಂದ ಬಿಸ್ಕತ್ತು. ಸ್ವಲ್ಪ ಹೊತ್ತಿನ ಮೇಲೆ, "ನನ್ನನ್ನ ಕ್ಷಮ್ಸು ಮಾರಾಯ. ಮಂಗಳವಾರನೇ ಗೊತ್ತಾಯ್ತು. ಹೇಳೋಕೆ ಹೆದ್ರಿದೆ," ಎಂದ.

"ನಂಗೂ ಮಂಗಳವಾರನೇ ಗೊತ್ತಾಯ್ತು."

ಯಂತ್ರ ನಿಂತಿತು.

"ಹುಟ್ಟಿದ ದಿನ ಕೇಳಿ ನೀನು ಹಾರಿ ಬಿದ್ಯಲ್ಲ, ಆಗ್ಲೇ. ಮಂಡಿಗೆ ಯಾರಾದ್ರೂ ಎದೆ ಬೋಳಿಸ್ತಾರೇನೋ? ನಲವತ್ತು ವರ್ಷ ಕತ್ತಿ ಹಿಡ್ದೋನು ನಾನು." ಗಂಟೆ ಹೆಕ್ಟರ್ ಚಾವಣಿ ನೋಡುತ್ತಿದ್ದ. "ಸುಮ್ನಿದ್ದೆ. ಎಂಟು ತಿಂಗಳು ಕರೆ ಬರ್ಲಿ ಬರ್ಲಿ ಅಂತ ಕೂತೆ. ಬಂತು ಅಂತ ಗೊತ್ತಾದ್ ಕೂಡ್ಲೆ ಕತ್ತಿ ಒರೆಸ್ಕೊಂಡು ಹೊರಟ್ಬಿಟ್ಟೆ. ನನ್ನ ಹೆಸ್ರಲ್ಲಿ ನೀನು ಒಳಗೆ ಹೋಗ್ಬಿಟ್ರೆ, ನಾನು ಹೋಗೋದು ತಪ್ಪುತ್ತಲ್ಲ ಅಂತ ಅನ್ಕೊಂಡೆ."

"ನನ್ನ ಎದೆ ಕೊಯ್ಯೋಕೆ ಬಿಡ್ತಿದ್ಯಾ?"

"ಒಂದು ದಿನ ಬಿಡ್ತಿದ್ದೆ. ದೇವ್ರಾಣೆ, ಅಷ್ಟು ಹೆದ್ರಿದ್ದೆ. ಆಮೇಲೆ ನೀನು ಬಂದು ಉಪವಾಸ ಮಾಡೋಣ ಅಂದ್ಯಲ್ಲ. ಇವನು ನನ್ನನ್ನ ಬದುಕಿಸೋಕೆ ಇಷ್ಟು ಕೆಟ್ಟದಾಗಿ ಸುಳ್ಳು ಹೇಳ್ತಿದಾನೆ, ಇನ್ನು ತಪ್ಪಿಸ್ಕೊಳ್ಳೋ ಹಾಗಿಲ್ಲ ಅಂತ ಗೋಡೆ ಕಡೆ ತಿರುಗ್ದೆ. ಆದ್ರೂ ಆ ಕಿಟಕಿ ಮುಂದೆ ಬಾಯಿ ಬರ್ಲಿಲ್ಲ ನೋಡು."

ಬಿಸ್ಕತ್ತಿಗೆ ಸಿಟ್ಟು ಬರಬೇಕಿತ್ತು. ಹುಡುಕಿದ, ಸಿಗಲಿಲ್ಲ. ಈಗಲೂ ಹೆದರಿಕೆಯೇ ಎಂದು ಕೇಳಿದ. ಹೌದು ಎಂದ ಗಂಟೆ ಹೆಕ್ಟರ್, ಹೆಂಗಸರ ಹಾಗೆ ಮಕ್ಕಳ ಹಾಗೆ ಅಂತೆಲ್ಲ ಅನ್ನೋಲ್ಲ, ಸಾಯೋ ಗಂಡಸಿನ ಹಾಗೇ ಹೆದರಿಕೆ ಎಂದ. ನನಗೂ ಎಂದ ಬಿಸ್ಕತ್ತು. ಮತ್ತೆ ಯಂತ್ರ ಚಾಲೂ ಮಾಡಿದ, ಎಡಗಡೆ ಮುಗಿಯುವ ಮೊದಲೇ ಮಂಚ ತಳ್ಳುವವರು ಬಂದರು.

ಮಂಚ ಬಾಗಿಲು ದಾಟುವಾಗ ಗಂಟೆ ಹೆಕ್ಟರ್ ಜಪಸರವನ್ನು ಇವನ ಕೈಗೆ ಕೊಟ್ಟ, ಹೋಗಬೇಡ ಎಂದ. ಬಾಗಿಲು ಮುಚ್ಚಿಕೊಂಡಿತು.

ಕಾಯುವ ಕೋಣೆಯಲ್ಲಿ ಬಿಸ್ಕತ್ತು ಕೂತ. ಹತ್ತೊಂಬತ್ತು ತಿಂಗಳು ಕಾದವನಿಗೆ ಆರು ಗಂಟೆ ಯಾವ ಲೆಕ್ಕ ಎಂದು ನೀವು ಅನ್ನಬಹುದು. ಆ ಆರು ಗಂಟೆಯಲ್ಲಿ ಅವನ ಶಾಸ್ತ್ರವೆಲ್ಲ ಉದುರಿಹೋಯಿತು. ಇಲ್ಲಿ ಫೋನು ಹಿಡಿದು ಕೂತರೆ ಪ್ರಯೋಜನವಿರಲಿಲ್ಲ, ಹೂಂ ಅನ್ನಲು ಯಾರೂ ಏನೂ ಕೇಳುತ್ತಿರಲಿಲ್ಲ. ಪ್ರತಿ ಸಲ ಬಾಗಿಲು ತೆರೆದಾಗ ಅವನ ಜೀವ ಬಾಯಿಗೆ ಬರುತ್ತಿತ್ತು, ಬೇರೆ ಯಾರದೋ ಹೆಸರು ಕೇಳಿ ಮತ್ತೆ ಒಳಗೆ ಹೋಗುತ್ತಿತ್ತು. ಬೋಳಿಸಿದ ಅರ್ಧ ಎದೆಯಲ್ಲಿ ಕೂದಲು ಮೊಳೆತು ಅಂಗಿಗೆ ಚುಚ್ಚುತ್ತಿತ್ತು. ಅಕ್ಕಪಕ್ಕದವರು ಬ್ರೆಡ್ಡು ತಿಂದರು. ಉಪವಾಸ ಮುರಿಯಲು ಅವನಿಗೆ ಮನಸ್ಸಾಗಲಿಲ್ಲ, ತಾನು ತಿಂದರೆ ಒಳಗೆ ಏನಾದರೂ ಆಗಿಬಿಟ್ಟರೆ ಎಂಬ ಭಯ.

ಒಂದು ಗಂಟೆಯ ಸುಮಾರಿಗೆ ಅವನ ಜೇಬಿನಲ್ಲಿ ಫೋನು ಬಡಿದುಕೊಂಡಿತು. ಗುಪ್ತ ನಂಬರು. ಮಂಡಿ ತಜ್ಞರ ಕಚೇರಿಯಂತೆ. ಸೋಮವಾರ ಒಂದು ಜಾಗ ಖಾಲಿಯಾಗಿದೆ ಎಂದಿತು ಒಂದು ದಣಿದ ದನಿ. ಹೆಕ್ಟರ್ ಗಿಲಿಸ್ ತಾನೇ ಎಂದಿತು. ಹೂಂ. ಕೂಪರ್ಸ್ ಕೋವ್ ತಾನೇ. ಹೂಂ. ಹುಟ್ಟಿದ್ದು ಅರವತ್ತೊಂದು, ನವೆಂಬರ್ ಒಂಬತ್ತು ತಾನೇ.

ಬಿಸ್ಕತ್ತು ಜಪಸರ ಹಿಡಿದ ಕೈಯನ್ನು ನೋಡಿದ.

"ಅಲ್ಲಮ್ಮ. ಅಕ್ಟೋಬರ್ ಒಂಬತ್ತು. ನವೆಂಬರ್ ಇನ್ನೊಬ್ನದು."

ಆ ಕಡೆ ಕೀಲಿಮಣೆ ಕುಟ್ಟುವ ಸದ್ದು ಕೇಳಿಸಿತು. ಹಾಗಾದರೆ ಕಡತ ತಿದ್ದುಪಡಿಗೆ ಹೋಗಬೇಕಾಗುತ್ತದೆ, ಸೋಮವಾರದ ಜಾಗ ಸಿಗುವುದಿಲ್ಲ, ಬಹಳ ದಿನ ಹಿಡಿಯುತ್ತದೆ ಎಂದು ಆ ದನಿ ಮರುಕದಿಂದಲೇ ಹೇಳಿತು. ಒಮ್ಮೆ ಸರಿಯಾಗಿ ಯೋಚಿಸಿ ಹೇಳಿ ಎಂದೂ ಹೇಳಿತು.

"ಕಳ್ಸಿ," ಎಂದ ಬಿಸ್ಕತ್ತು. "ನಾನು ಕಾಯ್ತೀನಿ."

ಫೋನು ಜೇಬಿಗೆ ಹಾಕುವಷ್ಟರಲ್ಲಿ ಬಾಗಿಲು ತೆರೆಯಿತು. ಬೆಳಗಿನ ನರ್ಸೇ, ಈಗ ಟೋಪಿಯೊಳಗಿಂದ ಕೂದಲು ಕೆದರಿತ್ತು. ಹೆಕ್ಟರ್ ಗಿಲಿಸ್ ಕಡೆಯವರು ಯಾರು ಎಂದಳು. ಬಿಸ್ಕತ್ತು ಎದ್ದ, ಬಲ ಮಂಡಿ ಲಟಕ್ಕೆಂದಿತು. ಅವಳ ಮುಖದಿಂದ ಏನೂ ತಿಳಿಯುವಂತಿರಲಿಲ್ಲ, ಅಷ್ಟು ದಣಿದಿದ್ದಳು.

ಕವಾಟ ಕೂತಿದೆ, ಚೆನ್ನಾಗಿ ಬಡಿದುಕೊಳ್ಳುತ್ತಿದೆ ಎಂದಳು. ಎಚ್ಚರಾದ ಕೂಡಲೆ ಅವರು ಎರಡು ಮಾತಾಡಿದರು ಎಂದಳು. ಎಡಗಡೆ ಅರ್ಧ ಬಿಟ್ಟಿದ್ದಾನೆ, ಇವನಿಗೆ ನನ್ನ ಅಂಗಡಿಯಲ್ಲಿ ಕೆಲಸವಿಲ್ಲ ಅನ್ನುವುದು ಒಂದು.

"ಇನ್ನೊಂದು?"

"ಹೊರಗೆ ಒಬ್ಬ ನನ್ನ ಜೊತೆ ಸುಮ್ನೆ ಉಪವಾಸ ಕೂತಿದಾನೆ, ಅವನಿಗೆ ಮೊದ್ಲು ತಿನ್ನೋಕೆ ಕೊಡಿ ಅಂದ್ರು."

ನರ್ಸು ಜೇಬಿನಲ್ಲಿ ತಡಕಿ ಏನೋ ತೆಗೆದು ಅವನ ಅಂಗೈಯಲ್ಲಿಟ್ಟಳು. ಚಹಾದ ಜೊತೆ ಕೊಡುವ ಎರಡು ಬಿಸ್ಕತ್ತಿನ ಪೊಟ್ಟಣ, ಅವಳ ಮಧ್ಯಾಹ್ನದ್ದೇ ಇರಬೇಕು. ಬಿಸ್ಕತ್ ಹೆಕ್ಟರ್ ಆ ಕೋಣೆಯ ನಡುವೆ ನಿಂತು, ಸುತ್ತಲಿನವರೆಲ್ಲ ತಮ್ಮ ತಮ್ಮವರಿಗಾಗಿ ತುಟಿ ಅಲ್ಲಾಡಿಸುತ್ತಿರುವಾಗ, ಅಳುತ್ತ ಅದನ್ನು ಕಟುಂ ಎಂದು ಕಡಿದ. ಯಾರೂ ಏನೂ ಅನ್ನಲಿಲ್ಲ.